ಸಮುದ್ರ ಸಾಕಿದವರು

ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಸಮುದ್ರ ಸಾಕಿಕೊಂಡವರೆಂದರೆ ವೆಂಕಟರವಣಪ್ಪನವರೊಬ್ಬರೇ. ರೇಷ್ಮೆ ಚರಕ ಮಾರಿದ ಮೇಲೆ ನಡುಮನೆಯಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿ ಇಟ್ಟು, ಹವಳ, ಬಣ್ಣದ ಮೀನು ಬಿಟ್ಟುಕೊಂಡರು. ಅಲ್ಲಿಂದಾಚೆ ನೆಂಟರ ಮದುವೆಗೂ ಊರು ಬಿಟ್ಟು ಹೋಗಿಲ್ಲ. ಆರೋಗ್ಯ ವಿಚಾರಿಸಿದರೆ ತೊಟ್ಟಿಯ ಪಕ್ಕದಲ್ಲಿದ್ದು ನೀರು ತಿರುಗಿಸಿ ಮೀನಿಗೆ ಉಸಿರು ಕೊಡುವ ಪಂಪಿನ ಆರೋಗ್ಯ ಹೇಳುತ್ತಾರೆ. "ಉಪ್ಪುನೀರಿಗೆ ಒಳಗೆ ಸುಣ್ಣ ಕಟ್ಟೋಕೇ ಬಿಡಬಾರದು ಕಣಪ್ಪ, ಕಟ್ಟಿದ ಮೇಲೆ ಕೆರೆದು ಏನು ಬಂತು?" ಭಾನುವಾರ ಬಂತೆಂದರೆ ಪಂಪು ಬಿಚ್ಚಿ, ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಹಾಕಿ, ಹಳೇ ಬ್ರಷ್ಷಿನಿಂದ ಮಗುವಿನ ಕಿವಿ ತೊಳೆದಂತೆ ತೊಳೆಯುತ್ತಾರೆ. ವಿನೆಗರ್ ಮುಗಿದರೆ ಉಪ್ಪಿನಕಾಯಿಗೆ ತಂದ ನಿಂಬೆಹಣ್ಣೂ ಅದಕ್ಕೇ. "ನನ್ನ ಮಂಡಿನೋವಿಗೆ ಇಷ್ಟು ಉಪಚಾರ ಕಾಣೆ" ಎಂದು ಹೆಂಡತಿ ಗಂಗುಲಮ್ಮ ಗೊಣಗುತ್ತಿದ್ದರು. ಹೋದ ಬೇಸಿಗೆಯಲ್ಲಿ ಸುಣ್ಣ ಬೇಗ ಕಟ್ಟಿ ಪಂಪು ನರಳತೊಡಗಿತು. ಇವರು ಮುಟ್ಟಿ ನೋಡಿ, "ತಣ್ಣಗೈತೆ ಬಿಡು" ಎಂದರು. ಸಂಜೆ ಅದು ಸುಟ್ಟು ನಿಂತಾಗ ಮುಟ್ಟಿದ ನಾನು ಚುರುಕ್ಕೆಂದು ಕೈ ಹಿಂದೆಗೆದೆ. ಅವರ ಕೈ ಇನ್ನೂ ಅದರ ಮೇಲೆಯೇ ಇತ್ತು. ವರ್ಷಗಟ್ಟಲೆ ಕುದಿನೀರಿನಿಂದ ರೇಷ್ಮೆಗೂಡು ಎತ್ತಿ ನೂಲು ತೆಗೆದ ಆ ಬೆರಳುಗಳಿಗೆ ಬಿಸಿ ತಿಳಿಯುವುದೇ ನಿಂತುಹೋಗಿತ್ತು. ಬೆಳಗಾಗುವಷ್ಟರಲ್ಲಿ ಒಂದನ್ನು ಬಿಟ್ಟು ಮೀನುಗಳೆಲ್ಲ ತೇಲಿದವು. ಈಗ ಹೊಸ ಪಂಪು ಬಂದಿದೆ. ದಿನಾ ಬೆಳಿಗ್ಗೆ ನೆಲಕ್ಕೆ ಬಗ್ಗಿ ಅದಕ್ಕೆ ಕೆನ್ನೆಯೊತ್ತಿ ನೋಡುತ್ತಾರೆ. ಕೆನ್ನೆಯ ಮೇಲೂ ನಂಬಿಕೆ ಸಾಲದೆ, "ನೀನೊಂದ್ಸಲ ಮುಟ್ಟಿ ನೋಡಮ್ಮ" ಎಂದು ಕರೆಯುತ್ತಾರೆ. ಗಂಗುಲಮ್ಮ ಮಂಡಿ ಹಿಡಿದುಕೊಂಡು, ಗೊಣಗದೆ, ಬಂದು ಪಕ್ಕದಲ್ಲಿ ಕೂರುತ್ತಾರೆ.