ಗಿರಿಜಕ್ಕ ತಲುಪಿಸಿದ ಓಟು

ಫೋನಿನಲ್ಲಿ ಒಂದು ಫೋಟೊ ತೋರಿಸಿದರೆ ಅದೊಂದನ್ನೇ ನೋಡಿ ಫೋನು ವಾಪಸು ಕೊಡುವವರನ್ನು ನಾನು ಈವರೆಗೆ ಒಬ್ಬರನ್ನೇ ಕಂಡಿದ್ದೇನೆ. ಉಳಿದವರೆಲ್ಲ, ನನ್ನನ್ನೂ ಸೇರಿಸಿ, ಫೋನು ಕೈಗೆ ಬಂದದ್ದೇ ತಡ ಹೆಬ್ಬೆರಳಿನಿಂದ ಆಚೆ ತಳ್ಳಿ, ಈಚೆ ತಳ್ಳಿ, ಕೇಳದೆ ಇದ್ದದ್ದನ್ನೂ ನೋಡಿ ಮುಗಿಸುತ್ತೇವೆ. ಗಿರಿಜಕ್ಕ ಮಾತ್ರ ಫೋನನ್ನು ಬಿಸಿ ಲೋಟ ಹಿಡಿದ ಹಾಗೆ ಅಂಚಿನಲ್ಲಿ ಹಿಡಿದು, ತೋರಿಸಿದ್ದನ್ನು ನೋಡಿ, "ಚೆನ್ನಾಗವ್ಳೆ ಕಣಮ್ಮಿ ನಿನ್ ಮಗಳು" ಎಂದು ಹಿಂದಿರುಗಿಸುತ್ತಿದ್ದರು. ಮುಂದೆ ಇನ್ನೂ ಇವೆ, ನೋಡಿ ಎಂದರೆ, "ನೀನೇ ತೋರ್ಸು. ಇನ್ನೊಬ್ರುದ್ದ ನಾನ್ಯಾಕೆ ಮಗುಚ್ಲಿ?" ಅನ್ನುತ್ತಿದ್ದರು.

ಅದು ಅವರ ಹುಟ್ಟುಗುಣವೋ ಕೆಲಸ ಕಲಿಸಿದ್ದೋ ನನಗೆ ತಿಳಿಯದು. ಗಿರಿಜಕ್ಕ ಅಮೆರಿಕದ ಈಸ್ಟ್‌ಗೇಟ್ ಬಡಾವಣೆಯಲ್ಲಿ ನಮ್ಮ ಹಿಂದಿನ ಬೀದಿಯವರು, ನಮ್ಮ ಪೋಸ್ಟ್ ಆಫೀಸಿನ ಕೌಂಟರಿನಲ್ಲಿದ್ದವರು. ಊರು ಮದ್ದೂರಿನ ಹತ್ತಿರ. ಗಂಡ ರಾಮೇಗೌಡರು ನಗರದ ನಡುವಿನ ಡೆನ್ನಿ ಟ್ರಯಾಂಗಲ್‌ನ ಗಾಜಿನ ಕಟ್ಟಡವೊಂದರಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು. ಅವರ ವೀಸಾದ ಬಾಲ ಹಿಡಿದು ಬಂದ ಗಿರಿಜಕ್ಕನಿಗೆ ಎಷ್ಟೋ ವರ್ಷ ಈ ದೇಶದಲ್ಲಿ ಕೆಲಸ ಮಾಡುವ ಅನುಮತಿಯೇ ಇರಲಿಲ್ಲ. ಬಿ.ಕಾಂ. ಓದಿದ ಹೆಂಗಸು ಮಗಳನ್ನು ಶಾಲೆಗೆ ಬಿಟ್ಟು, ಕ್ರಾಸ್‌ರೋಡ್ಸ್ ಮಾಲಿನಲ್ಲಿ ಸುಮ್ಮನೆ ಸುತ್ತಿ, ಬಂದು ಅಡುಗೆ ಮಾಡುತ್ತಿದ್ದರು. ಕಡೆಗೆ ಪೌರತ್ವ ಬಂತು, ಪರೀಕ್ಷೆ ಬರೆದರು, ಕೆಲಸ ಸಿಕ್ಕಿತು. ಮೊದಲ ದಿನ ಆ ನೀಲಿ ಅಂಗಿ ಹಾಕಿಕೊಂಡು ನಮ್ಮ ಮನೆಯವರೆಗೂ ನಡೆದು ಬಂದು ಬಾಗಿಲು ಬಡಿದಿದ್ದರು. ಬಾಗಿಲಲ್ಲಿ ನಿಂತು ಒಂದು ಸುತ್ತು ತಿರುಗಿ ತೋರಿಸಿ ಹೋದರು.

ಕೌಂಟರಿನಲ್ಲಿ ಅವರದು ದರ್ಬಾರು. ಹಬ್ಬದ ಮುಂಚೆ ನಮ್ಮವರೆಲ್ಲ ಕಾಲೇಜಿನಲ್ಲಿರುವ ಮಕ್ಕಳಿಗೆ ತಿಂಡಿ ಕಳಿಸಲು ಡಬ್ಬ ಹೊತ್ತು ಸಾಲು ನಿಲ್ಲುತ್ತಿದ್ದೆವು. ಗಿರಿಜಕ್ಕ ಡಬ್ಬವನ್ನು ಕಿವಿಯ ಹತ್ತಿರ ಒಮ್ಮೆ ಅಲ್ಲಾಡಿಸಿ, "ಹಿಂಗ್ ಕಟ್ಟಿದ್ರೆ ಚಕ್ಲಿ ಹೋಗಲ್ಲ, ಚಕ್ಲಿ ಹಿಟ್ಟು ಹೋಯ್ತದೆ. ಪೇಪರ್ ತುರುಕ್ಕೊಂಡ್ ಬಾ" ಎಂದು ಸಾಲಿನಿಂದಲೇ ಆಚೆ ಹಾಕುತ್ತಿದ್ದರು. ಎಲ್ಲ ಸರಿಯಿದ್ದರೆ ಮುದ್ರೆ ಎತ್ತಿ ಠಪ್ಪೆಂದು ಒತ್ತುತ್ತಿದ್ದರು. ಪಕ್ಕದ ಕೌಂಟರಿನ ಬಿಳಿಯ ಹುಡುಗಿ ಪ್ರತಿ ಸಲವೂ ಬೆಚ್ಚುತ್ತಿದ್ದಳು.

ಒಮ್ಮೆ ನಮ್ಮ ಗುಂಪಿನ ಗೆಳತಿಯೊಬ್ಬಳಿಗೆ ವಕೀಲರಿಂದ ರಿಜಿಸ್ಟರ್ಡ್ ಕಾಗದ ಬಂತೆಂದು ಸುದ್ದಿಯಾಯಿತು. ಡಿವೋರ್ಸೋ ಮನೆಯ ತಗಾದೆಯೋ ತಿಳಿಯದೆ ನಮಗೆಲ್ಲ ನಿದ್ದೆ ಬರದು. ಕಾಗದ ಗಿರಿಜಕ್ಕನ ಕೈ ದಾಟಿಯೇ ಹೋಗಿದೆ ಎಂದು ಎಲ್ಲರಿಗೂ ಗೊತ್ತು. ಯಾರದೋ ಮನೆಯ ಊಟದಲ್ಲಿ ನಾನೇ ಮೆಲ್ಲಗೆ ಕೆದಕಿದೆ.

"ಬಂತು. ಕೊಟ್ಟೆ. ಸೈನ್ ಹಾಕ್ಸ್ಕೊಂಡೆ," ಎಂದರು ಗಿರಿಜಕ್ಕ. "ಇನ್ನೊಂಚೂರ್ ಬಸ್ಸಾರು ಹಾಕ್ಲಾ?"

ಇಂಥ ಗಿರಿಜಕ್ಕ ರಾಜಕೀಯಕ್ಕೆ ಹೋಗುತ್ತೇನೆ ಎಂದಾಗ ನನಗೆ ನಗು ಬಂತು. ರಾಜಕೀಯವೆಂದರೆ ದೊಡ್ಡದೇನಲ್ಲ. ಇಲ್ಲಿ ಜನ ಅಧ್ಯಕ್ಷರ ಹೆಸರಿಗೆ ಓಟು ಹಾಕಿದರೂ ನಿಜಕ್ಕೂ ಆರಿಸುವುದು ಎಲೆಕ್ಟರುಗಳನ್ನು. ನಮ್ಮ ರಾಜ್ಯಕ್ಕೆ ಹನ್ನೆರಡು ಮಂದಿ. ರಾಜ್ಯದಲ್ಲಿ ಯಾವ ಪಕ್ಷ ಗೆಲ್ಲುತ್ತದೋ ಆ ಪಕ್ಷದ ಹನ್ನೆರಡು ಮಂದಿ ಡಿಸೆಂಬರಿನಲ್ಲಿ ರಾಜಧಾನಿ ಒಲಿಂಪಿಯಾದ ಕ್ಯಾಪಿಟಲ್ ಕಟ್ಟಡದಲ್ಲಿ ಸೇರಿ ರಾಜ್ಯದ ಪರವಾಗಿ ಓಟು ಹಾಕುತ್ತಾರೆ. ಅರ್ಧ ಗಂಟೆಯ ಕೆಲಸ. ತಮ್ಮ ಪಕ್ಷದಿಂದ ನಮ್ಮ ಭಾಗದ ಎಲೆಕ್ಟರ್ ಆಗಲು ಗಿರಿಜಕ್ಕ ನಿಂತರು.

ಬೇಸಿಗೆಗೆ ಮುಂಚೆ ಯಾವುದೋ ಹೈಸ್ಕೂಲಿನ ಸಭಾಂಗಣದಲ್ಲಿ ಪಕ್ಷದವರ ಸಭೆ. ನನಗಿನ್ನೂ ಪೌರತ್ವ ಬಂದಿರಲಿಲ್ಲ, ಓಟಿನ ಹಕ್ಕಿಲ್ಲದವಳು, ಡ್ರೈವರಾಗಿ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ನಿಂತವರೆಲ್ಲ ಪ್ರಜಾಪ್ರಭುತ್ವ, ಇತಿಹಾಸ ಎಂದು ಗಂಟಲು ಹರಿದುಕೊಂಡರು. ಕೆಲವು ವರ್ಷಗಳ ಹಿಂದೆ ಇದೇ ರಾಜ್ಯದ ಕೆಲವು ಎಲೆಕ್ಟರುಗಳು ಕೊಟ್ಟ ಮಾತು ಬಿಟ್ಟು ತಮಗೆ ತೋಚಿದವರಿಗೆ ಓಟು ಹಾಕಿ, ದಂಡ ಕಟ್ಟಿ, ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಎಲೆಕ್ಟರುಗಳನ್ನು ಕೊಟ್ಟ ಮಾತಿಗೆ ಕಟ್ಟಿಹಾಕುವ ಅಧಿಕಾರ ರಾಜ್ಯಕ್ಕಿದೆ ಎಂದು ಕೋರ್ಟು ಹೇಳಿತ್ತು. ಆ ನೆನಪು ಸಭೆಯಲ್ಲಿ ಇನ್ನೂ ಹಸಿಯಾಗಿತ್ತು. ಗಿರಿಜಕ್ಕನ ಸರದಿ ಬಂದಾಗ ಅವರು ತಮ್ಮ ಮದ್ದೂರು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟೇ: ನಾನು ಪೋಸ್ಟ್ ಆಫೀಸಿನವಳು. ನೀವು ಕೊಟ್ಟಿದ್ದನ್ನು ನಾನು ಒಡೆಯುವುದಿಲ್ಲ, ತಿದ್ದುವುದಿಲ್ಲ, ವಿಳಾಸಕ್ಕೆ ತಲುಪಿಸುತ್ತೇನೆ.

ಗೆದ್ದರು. ಕಾರಿನಲ್ಲಿ ಬರುವಾಗ, "ಆದ್ರೆ ಗಿರಿಜಕ್ಕ, ನಿಮ್ಮ ಪಾರ್ಟಿ ಕ್ಯಾಂಡಿಡೇಟು ನಿಮಗೇ ಇಷ್ಟ ಇಲ್ವಲ್ಲ?" ಎಂದು ಚುಚ್ಚಿದೆ.

"ನನ್ ಇಷ್ಟ ಯಾರಮ್ಮಿ ಕೇಳಿದ್ದು? ಸ್ಟಾಂಪ್ ಮೇಲಿರೋ ಚಿತ್ರ ಚೆನ್ನಾಗಿಲ್ಲ ಅಂತ ಕಾಗದ ವಾಪಸ್ ಕಳ್ಸಾಕಾಯ್ತದಾ?"

ಅಕ್ಟೋಬರಿನಲ್ಲಿ ಫೋನು ಬಂತು. ನಾನು ಅವರ ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದೆ. ಪಕ್ಷದ ಪರವಾಗಿ ಕೆಲಸ ಮಾಡುವ ವಕೀಲನೊಬ್ಬ ಎಲೆಕ್ಟರುಗಳಿಗೆಲ್ಲ ಫೋನು ಮಾಡಿ ವಿವರ ಸರಿ ನೋಡುತ್ತಿದ್ದ. ಕೈ ಒದ್ದೆಯಾಗಿದ್ದರಿಂದ ಗಿರಿಜಕ್ಕ ಸ್ಪೀಕರ್ ಹಾಕಿದ್ದರು. ನೀವು ಕೇಂದ್ರ ಸರ್ಕಾರದ ಯಾವುದಾದರೂ ಹುದ್ದೆಯಲ್ಲಿದ್ದೀರಾ ಎಂದ. ಪೋಸ್ಟ್ ಆಫೀಸು ಎಂದರು ಇವರು.

ಸಂವಿಧಾನದಲ್ಲಿ ಹೀಗೊಂದು ಮಾತಿದೆ ಎಂದು ಅವನು ವಿವರಿಸಿದ. ಕೇಂದ್ರ ಸರ್ಕಾರದ ಅಡಿಯಲ್ಲಿ ನಂಬಿಕೆಯ ಅಥವಾ ಲಾಭದ ಹುದ್ದೆಯಲ್ಲಿರುವವರು ಎಲೆಕ್ಟರ್ ಆಗುವಂತಿಲ್ಲ. ಹಿಂದೆ ಪಕ್ಕದ ಆರೆಗನ್ ರಾಜ್ಯದಲ್ಲಿ ಪೋಸ್ಟ್ ಮಾಸ್ಟರೊಬ್ಬ ಎಲೆಕ್ಟರಾಗಿ, ಇಡೀ ದೇಶದ ಫಲಿತಾಂಶವೇ ಆ ಒಂದು ಓಟಿನ ಮೇಲೆ ತೂಗಿ ದೊಡ್ಡ ರಾದ್ಧಾಂತವಾಗಿತ್ತಂತೆ. ಆದರೆ ಕೌಂಟರಿನ ಗುಮಾಸ್ತೆ ಅಂಥ ಅಧಿಕಾರಿಯಲ್ಲ, ನನ್ನ ಪ್ರಕಾರ ತೊಂದರೆಯಿಲ್ಲ, ಬಹುಶಃ ಯಾರೂ ತಕರಾರು ಎತ್ತಲಾರರು ಎಂದ. ಬೇಡವೆನಿಸಿದರೆ ಬಿಟ್ಟುಕೊಡಿ, ಬದಲಿ ಎಲೆಕ್ಟರ್ ಇದ್ದಾರೆ ಎಂದ.

"ಬಹುಶಃ" ಎಂದು ಗಿರಿಜಕ್ಕ ಅವನ ಮಾತನ್ನೇ ಕನ್ನಡದಲ್ಲಿ ಹೇಳಿಕೊಂಡು ಫೋನಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಲಾಭದ ಹುದ್ದೆ! ಇದು ನಮ್ಮೂರಲ್ಲೂ ಅದೆ ಕಣಮ್ಮಿ. ನಮ್ ಚಿಕ್ಕಪ್ಪ ಸ್ಕೂಲ್ ಮೇಷ್ಟ್ರು. ಎಲೆಕ್ಷನ್‌ಗೆ ನಿಲ್ಬೇಕು ಅಂತ ರಾಜೀನಾಮೆ ಕೊಟ್ಬುಟ್ಟ" ಎಂದರು.

"ಗೆದ್ರಾ?"

"ಸೋತ. ಡೆಪಾಜಿಟ್ಟೂ ಹೋಯ್ತು. ಆದ್ರೆ ಅವ್ನು ನಿಂತಿದ್ದು ತಪ್ಪು ಅಂತ ಯಾವ ನನ್ಮಗನೂ ಹೇಳಾಂಗಿರ್ಲಿಲ್ಲ."

ರಾಮೇಗೌಡರು ಹಾಲ್‌ನಿಂದಲೇ ಕೂಗಿದರು. "ಏಯ್, ಹುಚ್ಚಾ ನಿಂಗೆ? ಅರ್ಧ ಗಂಟೆ ಕೆಲ್ಸಕ್ಕೆ ಇರೋ ಕೆಲ್ಸ ಬಿಡ್ತೀಯಾ? ಪೆನ್ಷನ್‌ಗೆ ಇನ್ನೇನು ಹತ್ರ ಬಂದಿದ್ದೀಯ!"

ನಾನೂ ಗೌಡರ ಪಕ್ಷವೇ. ಎಲೆಕ್ಟರ್ ಸ್ಥಾನ ಬಿಟ್ಟುಕೊಡಿ, ಇನ್ನೊಬ್ಬರು ಹೋಗಿ ಅದೇ ಓಟು ಹಾಕುತ್ತಾರೆ, ಏನು ವ್ಯತ್ಯಾಸ ಎಂದು ವಾದಿಸಿದೆ. ಗಿರಿಜಕ್ಕ ಒಗ್ಗರಣೆ ಹಾಕಿ ಮುಗಿಸಿದರು. ಆಮೇಲೆ ಸೌಟು ಹಿಡಿದೇ ಬಂದು ಎದುರು ಕೂತರು.

"ಅಷ್ಟ್ ಜನ ಕೈಯೆತ್ತಿ ನನ್ನ ಕಳ್ಸವ್ರೆ. ತಲುಪಿಸ್ತೀನಿ ಅಂದೀನಿ. ಈಗ ಜನ್ವರೀಲಿ ಓಟು ಎಣ್ಸೋವಾಗ ಯಾವನೋ ಎದ್ದು ನಿಂತ್ಕೊಂಡು ಈ ಹೆಂಗ್ಸು ಪೋಸ್ಟ್ ಆಫೀಸ್ನೋಳು, ಇವಳ ಓಟು ಲೆಕ್ಕಕ್ಕಿಲ್ಲ ಅಂದ್ರೆ? ಅದು ನನ್ ಓಟಾ? ಈ ಬೀದಿಯೋರ ಓಟು. ಇಲ್ಲಿ ಹುಟ್ದೋಳಲ್ಲ ನಾನು. ಪ್ರೆಸಿಡೆಂಟ್ ಆಗಂಗಿಲ್ಲ ಅಂತ ಅದೇ ಸಂವಿಧಾನ ಹೇಳ್ತದೆ. ಒಪ್ಕೊಂಡಿದ್ದೀನಿ. ಆದ್ರೆ ಇದೊಂದು ಆಗ್ಬೌದು ಅಂತ ಅದೆ. ಆಗ್ಬೌದು ಅಂತ ಇರೋದ್ನ ನಾನು ಬಿಟ್ಕೊಡಲ್ಲ."

ಚುನಾವಣೆಗೆ ಮುಂಚೆಯೇ ರಾಜೀನಾಮೆ ಕೊಟ್ಟರು. ಕಡೆಯ ದಿನ ಸಂಜೆ ನಾನು ಕೌಂಟರಿಗೆ ಹೋದಾಗ ಮುದ್ರೆಯನ್ನು ಬಟ್ಟೆಯಿಂದ ಒರೆಸಿ, ಅದರ ಜಾಗದಲ್ಲೇ ಇಟ್ಟು, ಪಕ್ಕದ ಹುಡುಗಿಗೆ ಹೇಳಿ ಹೊರಬಂದರು. ನೀಲಿ ಅಂಗಿಯ ಮೇಲೆ ಸ್ವೆಟರ್ ಹಾಕಿಕೊಂಡು ಕಾರಿನಲ್ಲಿ ಕೂತ ಮೇಲೆ ಬಹಳ ಹೊತ್ತು ಸೀಟ್ ಬೆಲ್ಟ್ ಹಾಕಲಿಲ್ಲ. ಅತ್ತರು. ನಾನು ಕಾರು ಚಾಲೂ ಮಾಡಲಿಲ್ಲ. "ನಡಿ" ಎಂದರು ಆಮೇಲೆ.

ನವೆಂಬರಿನಲ್ಲಿ ನಮ್ಮ ರಾಜ್ಯದಲ್ಲಿ ಅವರ ಪಕ್ಷ ಗೆದ್ದಿತು, ದೇಶದಲ್ಲಿ ಸೋತಿತು. ಹೊಸ ಅಧ್ಯಕ್ಷರು ಯಾರೆಂದು ತೀರ್ಮಾನವಾಗಿಹೋಗಿತ್ತು. ಇನ್ನು ಈ ಹನ್ನೆರಡು ಓಟು ಯಾವ ಮೂಲೆಗೆ ಎಂದು ಎಲ್ಲರೂ ಕೇಳಿದರು. ಕ್ರಾಸ್‌ರೋಡ್ಸ್‌ನಲ್ಲಿ ಕಾಫಿ ಕುಡಿಯುವಾಗ ಪರಿಚಯದವರೊಬ್ಬರು, "ಅಯ್ಯೋ ಪಾಪ, ಕೆಲಸಾನೂ ಹೋಯ್ತು, ಎಲೆಕ್ಷನ್ನೂ ಹೋಯ್ತು" ಎಂದು ನನ್ನೆದುರೇ ಅಂದರು. ನನಗೆ ಮೈ ಉರಿಯಿತು. ನಾನೂ ಅಕ್ಟೋಬರಿನಲ್ಲಿ ಅದೇ ಮಾತಾಡಿದ್ದವಳು, ಆದರೂ ಉರಿಯಿತು.

ಡಿಸೆಂಬರಿನ ಆ ಬೆಳಿಗ್ಗೆ ಮಳೆಯಲ್ಲಿ ಒಲಿಂಪಿಯಾಕ್ಕೆ ನಾನೇ ಡ್ರೈವ್ ಮಾಡಿದೆ. ಗಿರಿಜಕ್ಕ ಹಸಿರು ಮೈಸೂರು ರೇಷ್ಮೆ ಸೀರೆಯುಟ್ಟು, ಮೇಲೆ ಮಳೆಯ ಜಾಕೆಟ್ ಹಾಕಿ, ಸೀರೆಯಂಚು ನೆನೆಯದಂತೆ ಎತ್ತಿ ಹಿಡಿದು ಕ್ಯಾಪಿಟಲ್ ಮೆಟ್ಟಿಲು ಹತ್ತಿದರು. ಗೌಡರು ಕೊಡೆ ಹಿಡಿದು ಹಿಂದೆ ನಡೆದರು. ಅಷ್ಟು ದಿನ ಗೊಣಗಿದ್ದ ಮನುಷ್ಯ ಅವತ್ತು ಸೂಟು ಹಾಕಿದ್ದರು.

ಒಳಗೆ ಹನ್ನೆರಡು ಮಂದಿಯೂ ಪ್ರಮಾಣ ಮಾಡಿದರು. ಅಧ್ಯಕ್ಷರಿಗೊಂದು, ಉಪಾಧ್ಯಕ್ಷರಿಗೊಂದು ಚೀಟಿ. ಸಾವಿನ ಮನೆಗೆ ಬಂದವರಂತೆ ಮುಖ ಮಾಡಿಕೊಂಡವರೂ ಅಲ್ಲಿದ್ದರು. ಗಿರಿಜಕ್ಕನ ಮುಖ ಮಾತ್ರ ಕೌಂಟರಿನಲ್ಲಿ ಇರುತ್ತಿದ್ದ ಹಾಗೆಯೇ ಇತ್ತು. ಚೀಟಿ ಹಾಕಿ, ಪ್ರತಿಗಳಿಗೆಲ್ಲ ಒಂದೊಂದಾಗಿ ಸಹಿ ಹಾಕಿದರು. ಇವನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ವಾಷಿಂಗ್ಟನ್ ಡಿ.ಸಿ.ಗೆ ಕಳಿಸುತ್ತೇವೆ ಎಂದು ಅಲ್ಲಿನ ಅಧಿಕಾರಿ ಹೇಳಿದಾಗ ಗಿರಿಜಕ್ಕ ತಲೆಯೆತ್ತಿ, ಇವತ್ತೇ ಹಾಕುತ್ತೀರಲ್ಲವೇ, ಕೌಂಟರು ಮುಚ್ಚುವುದರೊಳಗೆ ಹೋಗಬೇಕು ಎಂದರು. ಅಧಿಕಾರಿ ನಕ್ಕು, ಖಂಡಿತ ಎಂದಳು. ಗಿರಿಜಕ್ಕ ನಗಲಿಲ್ಲ. ಅವಳು ಲಕೋಟೆಗಳನ್ನು ಎತ್ತಿಕೊಂಡು ಹೊರಡುವವರೆಗೂ ಅಲ್ಲೇ ನಿಂತು ನೋಡಿದರು.

ವಾಪಸು ಬರುವಾಗ ಐ-5 ಹೆದ್ದಾರಿಯಲ್ಲಿ ಕಾರುಗಳು ಅಲ್ಲಾಡದೆ ನಿಂತಿದ್ದವು. ಗೌಡರು ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದರು. "ಸೋತ ಮೇಲೂ ಇಷ್ಟು ಶ್ರದ್ಧೆ ಹೇಗೆ ಬರುತ್ತೆ ಗಿರಿಜಕ್ಕ?" ಎಂದು ಕೇಳಿದೆ. ಈ ಸಲ ಚುಚ್ಚಲು ಕೇಳಿದ್ದಲ್ಲ.

"ಕಾಗದದೊಳಗೆ ಸಂತೋಷದ ಸುದ್ದಿ ಇದ್ರೆ ಮಾತ್ರ ತಲುಪ್ಸಾದಾ?" ಎಂದರು. "ಇಷ್ಟು ಜನ ಹಿಂಗಂದ್ರು ಅಂತ ಅಲ್ಲಿಗೆ ಗೊತ್ತಾಗ್ಬೇಕು. ಗೊತ್ತಾಯ್ತದೆ. ಅಷ್ಟೆ ನನ್ ಕೆಲ್ಸ."

ಅವರ ಮೇಲೆ ಆ ಹೊತ್ತು ನನಗೆ ಪ್ರೀತಿ ಉಕ್ಕಿತು. ಹೀಟರ್ ಜಾಸ್ತಿ ಮಾಡಲೇ ಎಂದು ಕೇಳಿದೆ.

ಬಿಟ್ಟ ಕೆಲಸಕ್ಕೆ ಅದೇ ಜಾಗದಲ್ಲಿ ಮತ್ತೆ ಸೇರುವುದು ಆಗಲಿಲ್ಲ. ಹೊಸಬರ ಸಾಲಿನಲ್ಲಿ ಮೊದಲಿಂದ ನಿಂತು, ಕಡೆಗೆ ಬೆಟ್ಟಸಾಲಿನ ಆಚೆ, ಸೇಬಿನ ತೋಟಗಳ ನಡುವಿನ ಒಂದು ಪುಟ್ಟ ಊರಿನ ಪೋಸ್ಟ್ ಆಫೀಸಿನಲ್ಲಿ ಅರೆಕಾಲದ ಕೆಲಸ ಸಿಕ್ಕಿತು. ಈಸ್ಟ್‌ಗೇಟ್ ಮನೆ ಮಾರಿ ಇಬ್ಬರೂ ಹೊರಟರು. ಅಲ್ಲಿ ಬಿಸಿಲಿದೆ, ಬದನೆ ಚೆನ್ನಾಗಿ ಬರುತ್ತದೆ ಎಂದು ಗೌಡರಿಗೇ ಹೆಚ್ಚು ಉತ್ಸಾಹ. ನಮ್ಮ ಹಿಂದಿನ ಬೀದಿ ಬೋಳಾಯಿತು. ಪೋಸ್ಟ್ ಆಫೀಸಿನಲ್ಲಿ ಈಗ ಚಕ್ಕುಲಿ ಡಬ್ಬವನ್ನು ಯಾರೂ ಅಲ್ಲಾಡಿಸಿ ನೋಡುವುದಿಲ್ಲ. ನನ್ನ ಮಗಳಿಗೆ ಹಿಟ್ಟೇ ಹೋಗುತ್ತದೆ.

ಮುಂದಿನ ವರ್ಷ ನನಗೆ ಪೌರತ್ವ ಬಂತು. ಶರತ್ಕಾಲದಲ್ಲಿ ಜೀವನದ ಮೊದಲ ಅಮೆರಿಕನ್ ಮತಪತ್ರ ಅಂಚೆಯಲ್ಲಿ ಮನೆಗೆ ಬಂತು. ಅಧ್ಯಕ್ಷರದೇನಲ್ಲ, ಸ್ಕೂಲ್ ಬೋರ್ಡು, ಸಿಟಿ ಕೌನ್ಸಿಲ್ಲು. ತುಂಬಿ, ಸಹಿ ಹಾಕಿ, ಅಂಟಿಸಿದೆ. ಮನೆಯ ಹತ್ತಿರವೇ ಅದನ್ನು ಹಾಕುವ ಡಬ್ಬವಿದೆ. ನಾನು ಹಾಕಲಿಲ್ಲ. ಶನಿವಾರ ಬೆಳಿಗ್ಗೆ ಕಾರು ಹತ್ತಿ ಬೆಟ್ಟದ ರಸ್ತೆ ದಾಟಿ ಹೋದೆ.

ಪೋಸ್ಟ್ ಆಫೀಸು ಒಂದೇ ಕೋಣೆಯದು. ನನ್ನ ಹಿಂದೆ ಪೆಟ್ಟಿಗೆ ಹಿಡಿದ ಒಬ್ಬ ತೋಟದವನು ನಿಂತಿದ್ದ. ಕೌಂಟರಿನ ಆಚೆ ನೀಲಿ ಅಂಗಿ, ಮೊದಲಿಗಿಂತ ಹೆಚ್ಚು ಬೆಳ್ಳಗಾದ ಕೂದಲು. ನನ್ನನ್ನು ಕಂಡು ಕಣ್ಣರಳಿಸಿದರು. ಲಕೋಟೆ ನೋಡಿದ ಮೇಲೆ ಮುಖ ಬಿಗಿಯಾಯಿತು. ಕೌಂಟರಿನ ಗಿರಿಜಕ್ಕನಾದರು.

"ಸೈನ್ ಹಾಕಿದ್ದೀಯಾ?"

"ಹಾಕಿದೀನಿ. ಗಿರಿಜಕ್ಕ, ಯಾರಿಗೆ ಓಟ್ ಹಾಕ್ದೆ ಗೊತ್ತಾ, ಆ ಸ್ಕೂಲ್ ಬೋರ್ಡಿಗೆ..."

"ಹೇಳ್ಬ್ಯಾಡ," ಎಂದು ಅವರು ಕೈ ಅಡ್ಡ ಹಿಡಿದರು. ಲಕೋಟೆಯನ್ನು ಎರಡು ಕೈಯಲ್ಲಿ ತೆಗೆದುಕೊಂಡು ಕೌಂಟರಿನ ಮೇಲಿಟ್ಟು, ಅಂಗೈಯಿಂದ ಒಮ್ಮೆ ಸವರಿ, ಮುದ್ರೆ ಎತ್ತಿ ಠಪ್ಪೆಂದು ಒತ್ತಿದರು. ಶಾಯಿ ಸರಿಯಾಗಿ ಮೂಡಿದೆಯೇ ಎಂದು ಬಾಗಿ ನೋಡಿದರು. ಅದನ್ನು ಹಿಂದಿನ ಚೀಲಕ್ಕೆ ಹಾಕಿದರು.

"ತಲುಪ್ತದೆ," ಎಂದರು. ಅವರ ಕಣ್ಣು ತುಂಬಿತ್ತು, ನನ್ನದೂ.

ನಾನು ಅಲ್ಲೇ ನಿಂತಿದ್ದೆ. ಗಿರಿಜಕ್ಕ ನನ್ನ ಭುಜದ ಮೇಲಿಂದ ಹಿಂದಕ್ಕೆ ನೋಡಿ, "ನೆಕ್ಸ್ಟ್, ಪ್ಲೀಸ್" ಎಂದರು.