ಬಾಬಣ್ಣನ ಕಿವಿಯ ಅರಳೆ

ಇಳಕಲ್ಲಿನ ಪೇಟೆಯಲ್ಲಿ ಬಾಬಣ್ಣ ಬಂದನೆಂದು ತಿಳಿಯಲು ತಲೆ ಎತ್ತಬೇಕಾಗಿಲ್ಲ. ಅವನಿಗಿಂತ ಮೊದಲೇ ಅವನ ಅತ್ತರು ಬರುತ್ತದೆ, ಅವನು ಹೋದ ಮೇಲೂ ನನ್ನ ಗಿರಾಕಿಗಳ ಮೂಗಿನಲ್ಲಿ ಕುಳಿತಿರುತ್ತದೆ. ಇಬ್ಬರೂ ಮಾರುವುದು ಸೀರೆಯನ್ನೇ, ಆದರೆ ಹೆಂಗಸರು ಹತ್ತುವುದು ಅವನ ಅಂಗಡಿಯನ್ನು. ಎಡಗಿವಿಯಲ್ಲಿ ಅತ್ತರಿನ ಅರಳೆ, ಬಾಯಲ್ಲಿ ಅತ್ತರಿನದೇ ಶಾಸ್ತ್ರ. "ಗುಲಾಬಿ, ಮಲ್ಲಿಗಿ ಹಸಿ ವಾಸನಿ, ಅವು ಮದುವಿ ಮನಿಗೆ. ಗಂಡಸಿಗೆ ಒಣಾ ವಾಸನಿ ಇರಬೇಕ್ರಿ," ಎನ್ನುತ್ತಾನೆ. ಬೇಸಿಗೆಗೆ ಲಾವಂಚ, ಚಳಿಗೆ ಹಳೆಯ ಗಂಧ. ಮುಂಬಯಿಯಿಂದ ತರಿಸಿದ ಫಾರಿನ್ ಸೆಂಟು ಬಾಗಲಕೋಟೆಗೆ ಹೋಗುವ ದಿನ ಮಾತ್ರ. ಅದು ಸುಟ್ಟ ತಂಬಾಕಿನಂತೆ ನಾರುತ್ತದೆ ಎಂದು ಎಲ್ಲರಿಗೂ ಹೇಳುತ್ತೇನೆ, ಬಸ್ಸು ಬಿಡುವವರೆಗೂ ಅವನ ಪಕ್ಕದಲ್ಲೇ ನಿಂತಿರುತ್ತೇನೆ. ಎಂಬತ್ತೊಂದರ ಬೇಸಿಗೆಯಲ್ಲಿ ಹೊಟ್ಟೆಕಿಚ್ಚು ತಾಳದೆ ನಾನೂ ಲಾವಂಚದ ಅತ್ತರು ಹಚ್ಚಿಕೊಂಡು ಮನೆಗೆ ಹೋದೆ. ಮಗ್ಗದಲ್ಲಿದ್ದ ನನ್ನ ಹೆಂಡತಿ ರತ್ನವ್ವ ಎಳೆಯಿಂದ ಕಣ್ಣು ತೆಗೆಯದೆ, "ಬರ್ರಿ ಬಾಬಣ್ಣಾರ, ಕುಂದರ್ರಿ. ನಮ್ಮವ್ರು ಇನ್ನೂ ಬಂದಿಲ್ಲ," ಎಂದಳು. ಅಷ್ಟು ಮೆತ್ತಗಿನ ದನಿಯನ್ನು ನಾನು ಕೇಳಿರಲಿಲ್ಲ. ಮರುದಿನ ಜಗಳ ತೆಗೆಯಲೆಂದೇ ಬಾಬಣ್ಣನ ಬೆನ್ನು ಹಿಡಿದೆ. ಅವನು ತನ್ನ ಮನೆಯ ಹೊರಗೆ ನಿಂತು ಕಿವಿಯ ಅರಳೆಯನ್ನು ಗೋಡೆಯ ಗೂಡಿನಲ್ಲಿಟ್ಟ, ಕಿವಿ ಕುತ್ತಿಗೆ ತೊಳೆದುಕೊಂಡ, ನೂಲಿಗೆ ಹಚ್ಚುವ ಗಂಜಿಯನ್ನು ಒಂದಿಷ್ಟು ಅಂಗೈಗೆ ಸವರಿಕೊಂಡ. "ಮಗ್ಗದಾಗ ಕುಂತ್ರ ನನ್ನ ಹೇಣ್ತಿ ತಲಿ ಎತ್ತಂಗಿಲ್ಲ. ಗಂಜಿ ವಾಸನಿ ಬಂದ್ರ ನಾನಂತ ತಿಳೀತಾಳ," ಎಂದ ನನ್ನನ್ನು ಕಂಡು. ಒಳಗಿನಿಂದ "ಬಂದ್ರೇನು?" ಎಂಬ ದನಿ ಕೇಳಿತು. ಅತ್ತರಿನ ಸೀಸೆಯನ್ನು ಅಂದೇ ಎಸೆದೆ. ಗಂಜಿ ಸವರಿಕೊಂಡು ಮನೆಗೆ ಹೋಗಲು ಮಾತ್ರ ಇನ್ನೂ ಧೈರ್ಯವಾಗಿಲ್ಲ. ರತ್ನವ್ವ ಯಾರ ಹೆಸರು ಹೇಳಿಯಾಳೋ.