ಪಾತ್ರೆ ಶೇಠರ ಮನೆಯ ಎರಡು ಲಗ್ನ

ಕಾಲೇಜಿನಲ್ಲಿ ನೀತಿಶಾಸ್ತ್ರ ಕಲಿಸುವವಳು ಬಜಾರಿನಲ್ಲಿ ನಿಂತು ಮಾತಾಡಿದರೆ ಯಾರಿಗೂ ರುಚಿಸುವುದಿಲ್ಲ. ಆದರೂ ವರದಕ್ಷಿಣೆಯ ವಿರುದ್ಧ ಮಾತಾಡಲು ಬೇಗಂ ಬಜಾರಿಗಿಂತ ಒಳ್ಳೆಯ ಜಾಗ ನನಗೆ ಹೈದರಾಬಾದಿನಲ್ಲಿ ಸಿಕ್ಕಿಲ್ಲ. ಮಗಳ ಜೊತೆ ಕಳಿಸುವ ಹಂಡೆ, ಕೊಡ, ಸ್ಟೀಲ್ ಡಬ್ಬಿಗಳಿಗೆ ತಂದೆಯರು ಬರುವುದು ಅಲ್ಲಿಗೇ.

ಒಂದು ಮಧ್ಯಾಹ್ನ ಅಂಥ ಒಬ್ಬ ತಂದೆಗೆ ತೆಲುಗಿನಲ್ಲಿ ತಿಳಿಹೇಳಿದೆ. ಆತ ಖರೀದಿ ಬಿಟ್ಟು ಹೊರಟುಹೋದ. ನನ್ನ ತೆಲುಗು ಕೇಳಿಯೇ ನಾನು ಕನ್ನಡದವಳೆಂದು ಗುರುತಿಸಿದ ಪಾತ್ರೆ ಅಂಗಡಿಯ ಶೇಠರು ಕನ್ನಡದಲ್ಲೇ ರೇಗಿದರು.

“ಅಕ್ಕೋರ, ನನ್ನ ಗಿರಾಕಿ ಓಡಿಸಾಕತ್ತೀರಲ್ರಿ? ಅಂಗಡಿ ಬಂದ್ ಮಾಡ್ಲೇನು?”

“ಬ್ಯಾಡ್ರಿ. ಹುಡುಗಿ ದುಡಿದು ತನ್ನ ಮನಿಗೆ ತಾನ ಕೊಳ್ಳಾಕ ಬರ್ತಾಳ. ಆಕಿಗೆ ಮಾರ್ರಿ.”

ವಾದ ಮುಗಿಯುವ ಮೊದಲೇ ಚಹಾ ಬಂತು. ಅರ್ಧ ಕಪ್ ಕುಡಿದು ಶೇಠರು ದನಿ ತಗ್ಗಿಸಿದರು.

“ನಮ್ಮ ಮಗಳ ಲಗ್ನ ಐತ್ರಿ. ಬೀಗರು ಭಾಳ ಕೇಳಾಕತ್ತಾರ. ಬಂದು ಅವರಿಗೂ ಹಿಂಗ ನಾಲ್ಕು ಮಾತು ಹೇಳ್ತೀರೇನು?”

“ಬರ್ತೀನಿ. ಮಗನೂ ಅದಾನೇನ್ರಿ?”

“ಅದಾನ್ರಿ. ಅವನ ಲಗ್ನಕ್ಕ ನಿಮಗ ತ್ರಾಸ ಬ್ಯಾಡ ಬಿಡ್ರಿ.”

ಮಗಳ ಬೀಗರು ನನ್ನ ಮಾತಿಗೆ ಬಗ್ಗಿದರು. ಲಗ್ನದ ಊಟದಲ್ಲಿ ಶೇಠರು ತಾವೇ ನಿಂತು ನನಗೆ ಹೋಳಿಗೆ ಬಡಿಸಿದರು.

ಮುಂದೆ ಮಗನ ಲಗ್ನದ ಮಾತುಕತೆಗೆ ಅವರು ನನ್ನನ್ನು ಕರೆಯಲಿಲ್ಲ. ದಿನ ಯಾವುದೆಂದು ಮಗಳೇ ಫೋನ್ ಮಾಡಿ ತಿಳಿಸಿದಳು. ಹೋಗಿ ಹೆಣ್ಣಿನ ತಂದೆಯ ಪಕ್ಕದಲ್ಲೇ ಕೂತೆ. ಶೇಠರ ಮನೆಗೆ ಆ ಸೊಸೆಯ ಹಿಂದೆ ಒಂದು ಲೋಟವೂ ಬರಲಿಲ್ಲ.

ಹೋಳಿಗೆಯನ್ನು ಮಾತ್ರ ಆ ಲಗ್ನದಲ್ಲಿ ನಾನೇ ಕೇಳಿ ಹಾಕಿಸಿಕೊಳ್ಳಬೇಕಾಯಿತು.